ಡಿಗ್ರಿ ಮುಗಿದ ಮೇಲಿನ ಎಂಟು ವರ್ಷ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ರೈತ. ಮಗ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿಎ ಮುಗಿಸಿ ಎರಡು ವರ್ಷವಾಯಿತು. ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತಗೊಂಡಿದ್ದ. ಈಗ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಕೆಎಎಸ್, ಪಿಎಸ್‌ಐ ಅಂತ ಓದುತ್ತಿದ್ದಾನೆ. ತಿಂಗಳಿಗೆ ಏಳೆಂಟು ಸಾವಿರ ಕಳಿಸುತ್ತೇನೆ. ಮಗಳು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಳೆ. 'ಬಿಎ ಮಾಡಿಸಿ ಏನು ಬಂತು, ಐಟಿಐ ಮಾಡಿಸಬೇಕಿತ್ತು' ಅಂತ ಊರಲ್ಲಿ ಮಾತು. ಡಿಗ್ರಿ ಮಾಡಿದ ಮಕ್ಕಳು ಕೊನೆಗೆ ಏನಾಗುತ್ತಾರೆ ಸಾರ್? ಮಗನನ್ನು ವಾಪಸ್ ಕರೆಸಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಗನನ್ನು ಈಗಲೇ ಕರೆಸಬೇಡಿ. ಹಾಗಂತ ಈಗಿರುವಂತೆ ಬಿಡಲೂ ಬೇಡಿ. ಯಾಕೆ ಅಂತ ತಿಳಿಯಬೇಕಾದರೆ 'ಕೊನೆಗೆ ಏನಾಗುತ್ತಾರೆ' ಅನ್ನುವ ಕಡೆಯಿಂದಲೇ ಶುರು ಮಾಡಬೇಕು.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2023ರಲ್ಲಿ ದೇಶದ ದುಡಿಮೆಯ ಸ್ಥಿತಿಯ ಬಗ್ಗೆ ಒಂದು ವರದಿ ತಂದಿತು. ಅದಕ್ಕೆ ಆಧಾರ ಕೇಂದ್ರ ಸರ್ಕಾರದ್ದೇ 2021–22ರ ಸಮೀಕ್ಷೆ. 25 ವರ್ಷದೊಳಗಿನ ಪದವೀಧರರಲ್ಲಿ ನಿರುದ್ಯೋಗ ಶೇ 42 ಅಂತ ಅದರಲ್ಲಿತ್ತು. ಪತ್ರಿಕೆಗಳೆಲ್ಲ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದವು. ಅದೇ ವರದಿಯ ಇನ್ನೊಂದು ಸಂಖ್ಯೆಯನ್ನು ಜಾಸ್ತಿ ಜನ ನೋಡಲಿಲ್ಲ. 35 ದಾಟಿದ ಪದವೀಧರರಲ್ಲಿ ನಿರುದ್ಯೋಗ ಶೇ 5ಕ್ಕಿಂತ ಕಡಿಮೆ.

ಇದು ಒಂದೇ ಗುಂಪಿನ ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸಿದ ಲೆಕ್ಕ ಅಲ್ಲ. ಒಂದೇ ವರ್ಷದಲ್ಲಿ ಬೇರೆ ಬೇರೆ ವಯಸ್ಸಿನವರನ್ನು ಕೇಳಿ ಬರೆದುಕೊಂಡದ್ದು. ಆದರೂ ಚಿತ್ರ ಸ್ಪಷ್ಟವಾಗಿದೆ. ನಿಮ್ಮ ಮಗ ಜೀವನಪೂರ್ತಿ ಕೆಲಸವಿಲ್ಲದೆ ಕೂರುವುದಿಲ್ಲ. ಆ ಭಯ ಬಿಡಿ. ಕೇಳಬೇಕಾದ್ದು ಬೇರೆ: 42 ಇದ್ದದ್ದು 5ಕ್ಕೆ ಇಳಿಯುವುದು ಹೇಗೆ? ಅಷ್ಟರಲ್ಲಿ ಎಲ್ಲರಿಗೂ ಒಳ್ಳೆ ಕೆಲಸ ಸಿಕ್ಕಿಬಿಡುತ್ತಾ?

ಇಲ್ಲ. ಬಹಳಷ್ಟು ಮನೆಗಳಲ್ಲಿ ಕಾಯುವ ಶಕ್ತಿ ಮುಗಿಯುತ್ತದೆ, ಅಷ್ಟೇ. ಅಪ್ಪನಿಗೆ ಬಿಪಿ, ಶುಗರ್ ಬರುತ್ತದೆ. ತಂಗಿಯ ಮದುವೆ ಸಾಲ ಇರುತ್ತದೆ. ಪರೀಕ್ಷೆಯ ವಯೋಮಿತಿ ದಾಟುತ್ತದೆ. ಆಗ ಹುಡುಗ ಎದುರಿಗೆ ಸಿಕ್ಕ ಕೆಲಸ ಹಿಡಿಯುತ್ತಾನೆ. ಇಪ್ಪತ್ತೆರಡರಲ್ಲಿ ಬೇಡ ಅಂದಿದ್ದ ಕೆಲಸವನ್ನೇ ಇಪ್ಪತ್ತೊಂಬತ್ತರಲ್ಲಿ, ಅದೇ ಸಂಬಳಕ್ಕೆ ಒಪ್ಪಿಕೊಳ್ಳುತ್ತಾನೆ. ಸಮೀಕ್ಷೆಯಲ್ಲಿ ಅವನು 'ಉದ್ಯೋಗಸ್ಥ' ಆಗುತ್ತಾನೆ. ನನ್ನ ಲೆಕ್ಕದಲ್ಲಿ ಅವನು ಏಳು ವರ್ಷದ ಅನುಭವ, ಬಡ್ತಿ ಎರಡನ್ನೂ ಕಳೆದುಕೊಂಡವನು.

ಕಾಯುವುದಕ್ಕೂ ದುಡ್ಡು ಬೇಕು ಸ್ವಾಮಿ. ತೀರಾ ಬಡವರ ಮಕ್ಕಳು ಈ ನಿರುದ್ಯೋಗದ ಲೆಕ್ಕದಲ್ಲಿ ಅಷ್ಟಾಗಿ ಕಾಣುವುದೇ ಇಲ್ಲ. ರಿಸಲ್ಟ್ ಬಂದ ವಾರವೇ ಅವರು ಬೆಂಗಳೂರಿನ ಯಾವುದೋ ಗೋಡೌನ್‌ನಲ್ಲಿ ಇರುತ್ತಾರೆ. ನಿಮ್ಮಂತೆ ಒಂದಿಷ್ಟು ಜಮೀನು ಇದ್ದು, ತಿಂಗಳಿಗೆ ಏಳೆಂಟು ಸಾವಿರ ಹೇಗೋ ಹೊಂದಿಸಬಲ್ಲ ಮನೆಗಳ ಮಕ್ಕಳೇ ಜಾಸ್ತಿ ಕಾಯುವವರು.

ಊರವರ ಐಟಿಐ ಮಾತಿಗೆ ಒಂದೇ ಸಾಲು. ಐಟಿಐ ಮಾಡಿದವನಿಗೆ ಕೆಲಸ ಬೇಗ ಸಿಗಬಹುದು, ಆದರೆ ಪಿಎಸ್‌ಐ, ಬ್ಯಾಂಕ್, ಕೆಎಎಸ್ ಬಾಗಿಲು ಡಿಗ್ರಿ ಇಲ್ಲದೆ ತೆರೆಯಲ್ಲ. ಆದದ್ದು ಆಯಿತು, ಅದನ್ನು ಬಿಡಿ.

ಇದು ನಿಮ್ಮ ಮನೆಯೊಂದರ ಕಥೆಯೂ ಅಲ್ಲ. 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಮಂದಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ ಎಂದು 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಹೇಳುತ್ತದೆ. ದೇಶದ ಸರಾಸರಿ 30. ಕಾಲೇಜು ಮನೆ ಬಾಗಿಲಿಗೆ ಬಂತು, ಒಳ್ಳೆಯದೇ ಆಯಿತು. ಹೆಣ್ಣುಮಕ್ಕಳು ಓದಿದರು. ಆದರೆ ಕಾಲೇಜು ಬಂದ ವೇಗದಲ್ಲಿ ತಾಲ್ಲೂಕು ಊರುಗಳಿಗೆ ಕೆಲಸ ಬರಲಿಲ್ಲ.

ಓದಿಸಿದ ಕಾಲೇಜಿಗಾದರೂ ತನ್ನ ಮಕ್ಕಳು ಎಲ್ಲಿದ್ದಾರೆ ಅಂತ ಗೊತ್ತಾ? ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಾ ಪ್ಲೇಸ್‌ಮೆಂಟ್ ಸೆಲ್ ನೋಡಿಕೊಂಡವನು ನಾನು. ಒಳಗಿನ ವಿಷಯ ಹೇಳುತ್ತೇನೆ. ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವರ್ಷ ಮಾತ್ರ ಹಳೆ ವಿದ್ಯಾರ್ಥಿಗಳ ನೆನಪಾಗುತ್ತದೆ. ಎಷ್ಟು ಜನ ಕೆಲಸಕ್ಕೆ ಹೋದರು, ಎಷ್ಟು ಜನ ಮುಂದೆ ಓದಿದರು ಅಂತ ಅವರು ದಾಖಲೆ ಕೇಳುತ್ತಾರೆ. ಆಗ ಸ್ಟಾಫ್ ರೂಮಿನಲ್ಲಿ ಹಳೇ ಅಡ್ಮಿಷನ್ ರಿಜಿಸ್ಟರ್ ತೆಗೆದು ಫೋನ್ ಮಾಡಲು ಕೂರುತ್ತಾರೆ. ಅರ್ಧ ನಂಬರ್ ಚಾಲ್ತಿಯಲ್ಲಿರಲ್ಲ. ಸಿಕ್ಕವರ ಹತ್ತಿರ 'ಎಲ್ಲಿದ್ದೀಯಪ್ಪಾ, ಆಫರ್ ಲೆಟರ್ ಇದ್ರೆ ವಾಟ್ಸ್ಆ್ಯಪ್ ಮಾಡು' ಅನ್ನುತ್ತಾರೆ. ಎಂಎಗೆ ಸೇರಿದವನು ಸುಲಭ, ಫೀ ರಸೀದಿ ಸಾಕು. ಮೈಕ್ರೋಫೈನಾನ್ಸ್‌ನಲ್ಲಿ ಇರುವವನು ಮುಜುಗರಪಟ್ಟು ಫೋನ್ ಇಡುತ್ತಾನೆ. ಮದುವೆಯಾದ ಹುಡುಗಿಯ ಫೋನನ್ನು ಗಂಡ ಎತ್ತುತ್ತಾನೆ. ಈ ಫೋನ್‌ಗಳಲ್ಲಿ ನಾನು ಕೇಳಿಸಿಕೊಂಡದ್ದೇ ಕೆಳಗಿನ ಮಾತುಗಳಿಗೆ ಆಧಾರ.

ಮೊದಲು ಧಾರವಾಡ. ಸಪ್ತಾಪುರಕ್ಕೆ ನೀವು ಒಮ್ಮೆ ಹೋಗಿ ಬನ್ನಿ. ಮಗನಿಗೆ ಹೇಳಿಯೇ ಹೋಗಿ, ಪತ್ತೇದಾರಿ ಬೇಡ. ಸಾಲು ಸಾಲು ಕೋಚಿಂಗ್ ಬೋರ್ಡು, ಝೆರಾಕ್ಸ್ ಅಂಗಡಿ, ಮೆಸ್ಸು. ರೀಡಿಂಗ್ ರೂಮ್ ಒಳಗೆ ಮರದ ಅಡ್ಡ ಹಲಗೆ ಹಾಕಿ ಮಾಡಿದ ಪುಟ್ಟ ಪುಟ್ಟ ಗೂಡು, ಪ್ರತಿಯೊಂದಕ್ಕೂ ನಂಬರು, ತಿಂಗಳ ಬಾಡಿಗೆ. ಗೂಡಿನ ಒಳಗೋಡೆಗೆ ಸಂವಿಧಾನದ ವಿಧಿಗಳ ಪಟ್ಟಿ, ಒಂದು ದೇವರ ಫೋಟೊ. ಬೆಳಿಗ್ಗೆ ಬೇಗ ಬಂದವರು ರಾತ್ರಿಯವರೆಗೂ ಅಲ್ಲೇ. ಈ ಮಕ್ಕಳು ಸೋಮಾರಿಗಳು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಇಷ್ಟು ಓದುವವರನ್ನು ನಾನು ಕಾಲೇಜಿನಲ್ಲಿ ಕಂಡಿಲ್ಲ.

ತೊಂದರೆ ಇರುವುದು ಅವರು ಬರೆಯುವ ಪರೀಕ್ಷೆಗಳಲ್ಲಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಹೊರಬಿತ್ತು, 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದು ಪಾಸಾಗಿದ್ದವನೂ ಎರಡು ವರ್ಷಕ್ಕಿಂತ ಜಾಸ್ತಿ ಕಾದು ಮತ್ತೆ ಬರೆಯಬೇಕಾಯಿತು. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆಯಿತು. ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಡಿಸೆಂಬರ್‌ನಲ್ಲಿ ಮತ್ತೆ ನಡೆಸಿದರು. ಆಗಲೂ ತಪ್ಪುಗಳು ಬಂದವು. ಅದಕ್ಕೂ ಹಿಂದಿನದು ಹೇಳಲಾ? 2011ರ ಸಾಲಿನ ಕೆಎಎಸ್ ಪರೀಕ್ಷೆಯ 362 ಮಂದಿಯ ಆಯ್ಕೆಪಟ್ಟಿಯನ್ನು 2014ರಲ್ಲಿ ಸರ್ಕಾರ ರದ್ದು ಮಾಡಿತು. ಕೋರ್ಟು ಕಚೇರಿ ಎಲ್ಲ ಆಗಿ, ಅದನ್ನು ಸರಿಪಡಿಸಲು 2022ರಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಮೊನ್ನೆ ಮೊನ್ನೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಅಂತ 2024ರ ಅಕ್ಟೋಬರ್‌ನಿಂದ ಹೊಸ ಅಧಿಸೂಚನೆಗಳೇ ನಿಂತವು. ಆ ನಿರ್ಧಾರ ಸರಿಯೋ ತಪ್ಪೋ ಬೇರೆ ಚರ್ಚೆ. ಸಪ್ತಾಪುರದ ಗೂಡಿನಲ್ಲಿ ಕೂತವನಿಗೆ ಹೋದದ್ದು ಸುಮಾರು ಒಂದು ವರ್ಷ.

ಹಾಗಾಗಿ 'ಇನ್ನೊಂದು ವರ್ಷ ಕಷ್ಟಪಟ್ಟು ಓದು' ಅನ್ನುವ ಬುದ್ಧಿಮಾತು ಅರ್ಧ ಮಾತ್ರ ಸರಿ. ಓದು ಅವನ ಕೈಯಲ್ಲಿದೆ. ಪರೀಕ್ಷೆಯ ದಿನಾಂಕ ಅವನ ಕೈಯಲ್ಲಿಲ್ಲ. 384 ಹುದ್ದೆಗೆ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದಿದ್ದವು. ಐನೂರರಲ್ಲಿ ಪಾಸಾಗದ ನಾನೂರ ತೊಂಬತ್ತೊಂಬತ್ತು ಮಂದಿಯನ್ನು ದಡ್ಡರು ಅನ್ನಲಾಗುತ್ತದೆಯೇ?

ಸರಿ, ಹೊರಗೆ ಬಂದವರು ಎಲ್ಲಿ ಸೇರುತ್ತಾರೆ? ಬಿಎ ಹುಡುಗರಲ್ಲಿ ತುಂಬಾ ಜನ ಮೈಕ್ರೋಫೈನಾನ್ಸ್, ಸೌಹಾರ್ದ ಸಹಕಾರಿಗಳು, ಇನ್ಶೂರೆನ್ಸ್ ಕಡೆ ಇದ್ದಾರೆ. ಮೈಕ್ರೋಫೈನಾನ್ಸ್ ಹುಡುಗನ ದಿನ ಬೆಳಿಗ್ಗೆ ಏಳಕ್ಕೆ ಯಾವುದೋ ಹಳ್ಳಿಯ ಜಗಲಿ ಮೇಲೆ ಶುರುವಾಗುತ್ತದೆ. ಹತ್ತಿಪ್ಪತ್ತು ಹೆಂಗಸರ ಸಂಘ, ಪಾಸ್‌ಬುಕ್, ಕಂತು. ಒಬ್ಬಳು ಬರದಿದ್ದರೆ ಅವಳ ಮನೆಗೆ ಹೋಗಬೇಕು. ಬೈಕ್ ತನ್ನದೇ, ಟಾರ್ಗೆಟ್ ಕಂಪನಿಯದು. ಸಾಲ ವಸೂಲಿ ಕಿರುಕುಳ ಮಿತಿಮೀರಿ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ, ಸಾಲ ತೆಗೆದುಕೊಂಡವರ ಜತೆ ಈ ಹುಡುಗರೂ ಸಿಕ್ಕಿಹಾಕಿಕೊಂಡರು. ಆದರೆ ಇದೇ ಕೆಲಸದಲ್ಲಿ ನಾಲ್ಕು ವರ್ಷ ಇದ್ದು ಬ್ರಾಂಚ್ ಮ್ಯಾನೇಜರ್ ಆಗಿ, ಅಲ್ಲಿಂದ ಸಣ್ಣ ಬ್ಯಾಂಕುಗಳಿಗೆ ಹೋದವರನ್ನೂ ನಾನು ಬಲ್ಲೆ. ಬೇಗ ಸೇರಿದವರಿಗೆ ಆ ಮೆಟ್ಟಿಲು ಸಿಕ್ಕಿತು. ಮೂವತ್ತಕ್ಕೆ ಸೇರಿದವರು ಇಪ್ಪತ್ತಮೂರರ ಹುಡುಗನ ಜತೆ ಅದೇ ಬೈಕಿನಲ್ಲಿದ್ದಾರೆ.

ಬಿಕಾಂನವರ ಕಥೆ ಸ್ವಲ್ಪ ಹಗುರ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ತಾಲ್ಲೂಕು ಊರಿನ ಹಾರ್ಡ್‌ವೇರ್ ಅಂಗಡಿಗೂ ರಿಟರ್ನ್ ಹಾಕುವವರು ಬೇಕಾದರು. ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್ ಕಲಿತು, ಆಮೇಲೆ ತಾನೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಕೂತ ಹುಡುಗ ಹುಡುಗಿಯರು ಈಗ ಎಲ್ಲ ಊರಲ್ಲೂ ಸಿಗುತ್ತಾರೆ. ಇದನ್ನು ಯಾವ ಕಾಲೇಜಿನ ಬ್ರೋಷರ್ ಕೂಡ ಹೇಳಿಕೊಳ್ಳಲ್ಲ.

ಎಂಎ, ಎಂಎಸ್ಸಿ ಮಾಡಿದವರಲ್ಲಿ ಒಂದು ದೊಡ್ಡ ಗುಂಪು ಅತಿಥಿ ಉಪನ್ಯಾಸಕರಾಗಿ ಬದುಕುತ್ತಿದೆ. ಸರ್ಕಾರಿ ಪದವಿ ಕಾಲೇಜುಗಳಲ್ಲೇ ಇವರು ಹತ್ತು ಸಾವಿರಕ್ಕೂ ಹೆಚ್ಚು. ಅತಿಥಿ ಅಂತ ಹೆಸರು, ಆದರೆ ಕಾಲೇಜು ನಡೆಯುವುದೇ ಅವರಿಂದ. ಮುಷ್ಕರಗಳ ನಂತರ 2022ರಲ್ಲಿ ಗೌರವಧನ 26ರಿಂದ 32 ಸಾವಿರದವರೆಗೆ ಆಯಿತು, ಆಮೇಲೆ ಇನ್ನೂ ಸ್ವಲ್ಪ ಏರಿತು. ಆದರೆ ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್, ಮತ್ತೆ ಬೇರೆ ಊರು. ಹದಿನೈದು ವರ್ಷ ಪಾಠ ಮಾಡಿ, ತಮ್ಮ ಶಿಷ್ಯನೇ ಕಾಯಂ ಆಗಿ ಬಂದದ್ದನ್ನು ನೋಡಿದವರಿದ್ದಾರೆ. ನಿಮ್ಮ ಮಗ 'ಎಂಎ ಮಾಡ್ತೀನಿ ಅಪ್ಪ, ಓದಿನ ಜತೆ ಅದೂ ಆಗುತ್ತೆ' ಅಂದರೆ ಇದನ್ನು ಹೇಳಿ. ವಿಷಯದ ಮೇಲೆ ಪ್ರೀತಿ ಇದ್ದರೆ ಧಾರಾಳವಾಗಿ ಮಾಡಲಿ. ಸುಮ್ನೆ ಕಾಯಲು ಹಾಸ್ಟೆಲ್ ಬೇಕು ಅಂತ ಮಾಡುವುದು ಬೇಡ.

ಇಲ್ಲಿ ಯಾರಾದರೂ ಗಿರೀಶ ಕಾರ್ನಾಡರ ಉದಾಹರಣೆ ಕೊಡುತ್ತಾರೆ. ಅದೇ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಗಣಿತ, ಸಂಖ್ಯಾಶಾಸ್ತ್ರದಲ್ಲಿ ಬಿಎ ಮಾಡಿ ನಾಟಕಕಾರರಾದರಲ್ಲ ಅಂತ. ನಿಜ. ಡಿಗ್ರಿಗೂ ಬದುಕಿಗೂ ನೇರ ಗೆರೆ ಇಲ್ಲ ಅನ್ನುವುದಕ್ಕೆ ಒಳ್ಳೆ ಉದಾಹರಣೆ. ಆದರೆ ಅವರು ಆಮೇಲೆ ರೋಡ್ಸ್ ಸ್ಕಾಲರ್‌ಶಿಪ್ ಮೇಲೆ ಆಕ್ಸ್‌ಫರ್ಡ್‌ಗೆ ಹೋದವರು. ಇಂಥವರ ಕಥೆ ಕೇಳಿ ಖುಷಿಪಡಿ, ಮಗನ ಲೆಕ್ಕ ಅದರಿಂದ ಹಾಕಬೇಡಿ.

ಈಗ ನಿಮ್ಮ ಮಗ. ಅವನ ಹತ್ತಿರ ಕೂತು ಮೂರು ವಿಷಯ ಕೇಳಿ. ಇಲ್ಲಿಯವರೆಗೆ ಯಾವ ಯಾವ ಪರೀಕ್ಷೆ ಬರೆದೆ? ಎಷ್ಟು ಅಂಕ ಬಂತು? ನಿನ್ನ ಕೆಟಗರಿಯ ಕಟ್‌ಆಫ್ ಎಷ್ಟಿತ್ತು? ಬೈಯುವ ದನಿಯಲ್ಲಿ ಕೇಳಬೇಡಿ, ಬೆಳೆ ಲೆಕ್ಕ ಕೇಳುವ ಹಾಗೆ ಕೇಳಿ. ಕಟ್‌ಆಫ್‌ಗೆ ನಾಲ್ಕೈದು ಅಂಕ ದೂರದಲ್ಲಿದ್ದರೆ ಅವನು ಓಟದಲ್ಲಿದ್ದಾನೆ, ಬಿಡಿಸಬೇಡಿ. ಎರಡು ಸಲ ಬರೆದೂ ತುಂಬಾ ದೂರ ಇದ್ದರೆ ಮೂರನೇ ಸಲಕ್ಕೆ ಅದೇ ಪರೀಕ್ಷೆ ಬೇಡ. ಪರೀಕ್ಷೆ ಬದಲಿಸಲಿ. ಎಷ್ಟೋ ಮಕ್ಕಳು ಕೆಎಎಸ್ ಓದುತ್ತಿದ್ದೇನೆ ಅನ್ನುವ ಗೌರವಕ್ಕೆ ಅಂಟಿಕೊಂಡು, ಕೈಗೆ ಸಿಗಬಹುದಾದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗಳನ್ನು ಅರೆಮನಸ್ಸಿನಿಂದ ಬರೆಯುತ್ತಾರೆ.

ದಿನಾಂಕ ತಪ್ಪದ ಪರೀಕ್ಷೆಗಳೂ ಇವೆ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್ ವರ್ಷದ ಶುರುವಿನಲ್ಲೇ ಇಡೀ ವರ್ಷದ ಕ್ಯಾಲೆಂಡರ್ ಕೊಡುತ್ತದೆ, ಹೆಚ್ಚು ಕಡಿಮೆ ಹಾಗೇ ನಡೆಸುತ್ತದೆ. ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಅಲ್ಲಿ ಕನ್ನಡ ಬಲ್ಲ ಹಳ್ಳಿ ಹುಡುಗನಿಗೆ ಬೆಲೆ ಇದೆ. ಬಿಎ ಹುಡುಗರು ಗಣಿತ, ರೀಸನಿಂಗ್‌ಗೆ ಹೆದರಿ ಈ ಕಡೆ ತಿರುಗಿಯೂ ನೋಡಲ್ಲ. ಅಲ್ಲಿ ಬರುವುದು ಹೈಸ್ಕೂಲ್ ಗಣಿತ, ಅದೂ ವೇಗವಾಗಿ ಮಾಡಬೇಕು ಅಷ್ಟೇ. ಆರು ತಿಂಗಳು ದಿನಾ ಬಿಡಿಸಿದರೆ ಬರುತ್ತೆ. ಒಂದು ಎಚ್ಚರಿಕೆ: ಗುಮಾಸ್ತೆ ಹುದ್ದೆಗೆ ವಯಸ್ಸು 28, ಅಧಿಕಾರಿಗೆ 30, ಮೀಸಲಾತಿ ಇದ್ದವರಿಗೆ ಮೂರರಿಂದ ಐದು ವರ್ಷ ಸಡಿಲಿಕೆ. ಕೆಎಎಸ್‌ಗೆ ಇದಕ್ಕಿಂತ ಹೆಚ್ಚು ವಯಸ್ಸಿನವರೆಗೆ ಅವಕಾಶ ಇದೆ. ಹಾಗಾಗಿ ಬೇಗ ಮುಚ್ಚುವ ಬಾಗಿಲನ್ನು ಮೊದಲು ತಟ್ಟಬೇಕು. ನಮ್ಮ ಮಕ್ಕಳು ಉಲ್ಟಾ ಮಾಡುತ್ತಾರೆ.

ಇನ್ನೊಂದು ವಿಷಯದಲ್ಲಿ ತುಂಬಾ ಮಕ್ಕಳು ಎಡವುತ್ತಾರೆ. ರಾಜ್ಯದ 2ಎ, 3ಎ ಪ್ರಮಾಣಪತ್ರ ಕೇಂದ್ರದ ಪರೀಕ್ಷೆಗೆ ನಡೆಯಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ಅಂತ ನೋಡಿ, ಅದಕ್ಕೆ ಬೇರೆಯದೇ ಪ್ರಮಾಣಪತ್ರ ಮಾಡಿಸಬೇಕು. ಪರೀಕ್ಷೆ ಪಾಸಾಗಿ ದಾಖಲೆ ಪರಿಶೀಲನೆ ದಿನ ತಹಶೀಲ್ದಾರ್ ಕಚೇರಿಗೆ ಓಡುವವರನ್ನು ನೋಡಿ ನನಗೆ ಸಾಕಾಗಿದೆ.

ದುಡ್ಡಿನ ಮಾತು. ಅವನು ಅರ್ಧ ದಿನದ್ದಾದರೂ ಒಂದು ಕೆಲಸ ಹಿಡಿಯಲಿ. ಟ್ಯೂಷನ್ ಇರಲಿ, ಅದೇ ಕೋಚಿಂಗ್ ಸೆಂಟರ್‌ನಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುವುದಿರಲಿ. ನಿಮ್ಮ ಭಾರ ಇಳಿಯುವುದು ಒಂದು ಕಡೆ. ನಾಲ್ಕು ವರ್ಷದ ನಂತರ ಯಾವುದೋ ಇಂಟರ್‌ವ್ಯೂನಲ್ಲಿ 'ಇಷ್ಟು ದಿನ ಏನು ಮಾಡ್ತಿದ್ರಿ' ಅಂದಾಗ ಹೇಳಲು ಒಂದು ಮಾತಿರಬೇಕಲ್ವಾ? ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ ಅರ್ಜಿ ಹಾಕಿದ್ದಾನೋ ಕೇಳಿ. ಡಿಗ್ರಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ಗರಿಷ್ಠ ಎರಡು ವರ್ಷ, ತಿಂಗಳಿಗೆ 3,000 ರೂಪಾಯಿ. ಕೆಲಸ ಸಿಕ್ಕಿದರೆ ನಿಲ್ಲುತ್ತದೆ.

ಇಷ್ಟಾದ ಮೇಲೆ ಇಬ್ಬರೂ ಕೂತು ಒಂದು ದಿನಾಂಕ ಗೊತ್ತು ಮಾಡಿ. ಉದಾಹರಣೆಗೆ ಅವನಿಗೆ 26 ತುಂಬುವ ತಿಂಗಳು. ಅಷ್ಟರೊಳಗೆ ಯಾವ ಪಟ್ಟಿಯಲ್ಲೂ ಹೆಸರು ಬರದಿದ್ದರೆ ಪೂರ್ತಿ ಸಮಯದ ಕೆಲಸಕ್ಕೆ ಸೇರಬೇಕು, ಓದು ಜತೆಗೆ ನಡೆಯಲಿ. ಈ ದಿನಾಂಕವನ್ನು ಅವನ ಬಾಯಿಂದಲೇ ಹೇಳಿಸಿ. ನೀವು ಹೇರಿದರೆ ಅದು ಸೋಲು ಅನ್ನಿಸುತ್ತೆ. ತಾನೇ ಒಪ್ಪಿದ್ದಾದರೆ ಅದರಂತೆ ನಡೆಯುತ್ತಾನೆ.

ಮಗಳ ವಿಷಯಕ್ಕೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಅವಳದ್ದೇ ಹೆಚ್ಚು ತುರ್ತು ಅನ್ನಿಸುತ್ತಿದೆ.

ಕಾರಣ ಇಷ್ಟು. ಸರ್ಕಾರಿ ಪರೀಕ್ಷೆಯ ಬಾಗಿಲು ಮೂವತ್ತರ ಆಸುಪಾಸಿನವರೆಗೂ ತೆರೆದಿರುತ್ತದೆ. ಖಾಸಗಿ ಕಂಪನಿಗಳ ಫ್ರೆಶರ್ ಬಾಗಿಲು ಡಿಗ್ರಿ ಮುಗಿದ ವರ್ಷ ಮಾತ್ರ ಪೂರ್ತಿ ತೆರೆದಿರುತ್ತದೆ. ಎರಡು ವರ್ಷ ಗ್ಯಾಪ್ ಆದರೆ ಅರ್ಜಿಯೇ ಮುಂದೆ ಹೋಗಲ್ಲ. ಕಂಪ್ಯೂಟರ್ ಸೈನ್ಸ್, ಗಣಿತ, ಭೌತಶಾಸ್ತ್ರ ಓದಿದ ಬಿಎಸ್ಸಿ ಮಕ್ಕಳನ್ನು ವಿಪ್ರೊ ಕೆಲಸಕ್ಕೆ ತಗೊಂಡು, ತನ್ನದೇ ಖರ್ಚಿನಲ್ಲಿ ಎಂಟೆಕ್ ಓದಿಸುವ ಕಾರ್ಯಕ್ರಮ ಬಹಳ ವರ್ಷದಿಂದ ಇದೆ. ಟಿಸಿಎಸ್ ಕೂಡ ವಿಜ್ಞಾನ ಪದವೀಧರರನ್ನು ಬೇರೆಯಾಗಿ ತಗೊಳ್ಳುತ್ತದೆ. ಇವೆಲ್ಲ ಹೊಸದಾಗಿ ಪಾಸಾದವರಿಗೆ. ರಸಾಯನಶಾಸ್ತ್ರ ಇದ್ದರೆ ನಂಜನಗೂಡು, ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳ ಕ್ವಾಲಿಟಿ ಕಂಟ್ರೋಲ್ ಲ್ಯಾಬ್. ಜೀವಶಾಸ್ತ್ರ ಇದ್ದರೆ ಮೆಡಿಕಲ್ ಕೋಡಿಂಗ್, ಅಂದರೆ ಆಸ್ಪತ್ರೆ ದಾಖಲೆಗಳಿಗೆ ಕೋಡ್ ಹಾಕುವ ಕೆಲಸ. ಏನೂ ಸಿಗದಿದ್ದರೆ ಕೇಂದ್ರದ ಅಪ್ರೆಂಟಿಸ್ ಯೋಜನೆ ಇದೆ. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ಅಂತ 2019ರಲ್ಲಿ ನಿಗದಿ ಮಾಡಿದ್ದರು. ಒಂದು ವರ್ಷ ಮಾಡಿದರೆ ಪ್ರಮಾಣಪತ್ರ ಸಿಗುತ್ತದೆ.

ಅಣ್ಣ ಮಾಡಿದಂತೆ ಮೊದಲು ಸರ್ಕಾರಿ ಪರೀಕ್ಷೆ, ಆಮೇಲೆ ಬೇರೆ ಅನ್ನುವ ಕ್ರಮ ಅವಳಿಗೆ ಬೇಡ. ಮೊದಲು ಕೆಲಸ, ಕೆಲಸದಲ್ಲಿದ್ದುಕೊಂಡೇ ಪರೀಕ್ಷೆ. 'ಬಿಎಡ್ ಮಾಡಿಸಿಬಿಡೋಣ, ಹೆಣ್ಣುಮಗಳಿಗೆ ಟೀಚರ್ ಕೆಲಸ ಚೆಂದ' ಅಂತ ನೆಂಟರು ಹೇಳಿಯೇ ಇರುತ್ತಾರೆ. ಬಿಎಡ್ ಈಗ ಎರಡು ವರ್ಷ. ಆಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ). ಆಮೇಲೆ ನೇಮಕಾತಿ ಯಾವಾಗಲೋ. 2022ರಲ್ಲಿ 15,000 ಶಿಕ್ಷಕರ ಹುದ್ದೆಗೆ ಪರೀಕ್ಷೆ ಆಯಿತು. ಮದುವೆಯಾದ ಅಭ್ಯರ್ಥಿ ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಅಪ್ಪನದ್ದು ಕೊಡಬೇಕೋ ಗಂಡನದ್ದೋ ಅನ್ನುವ ಜಗಳ ಹೈಕೋರ್ಟಿಗೆ ಹೋಗಿ, ಪಟ್ಟಿ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು. ಪಾಠ ಮಾಡುವ ಆಸೆ ಅವಳಿಗೇ ಇದ್ದರೆ ಸರಿ, ಇಲ್ಲದಿದ್ದರೆ ಬೇಡ.

ಮೇಲೆ ಹೇಳಿದ ಶೇ 5ರ ಲೆಕ್ಕದಲ್ಲಿ ಒಂದು ಮೋಸ ಇದೆ. ಕೆಲಸ ಹುಡುಕುವುದನ್ನೇ ಬಿಟ್ಟವರು ಅದರಲ್ಲಿ ಬರುವುದೇ ಇಲ್ಲ. ಹಾಗೆ ಬಿಟ್ಟವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ನ್ಯಾಕ್‌ಗಾಗಿ ಫೋನ್ ಮಾಡುವಾಗ ನಾನು ಪದೇ ಪದೇ ಕೇಳಿದ ಉತ್ತರ 'ಮನೇಲಿದ್ದೀನಿ ಸಾರ್'. ತರಗತಿಗೇ ಮೊದಲು ಬಂದವರ ಬಾಯಲ್ಲೂ ಅದೇ. ನಾನು ಕಂಡಂತೆ, ಮದುವೆಗೆ ಮುಂಚೆ ಒಂದೆರಡು ವರ್ಷವಾದರೂ ಸಂಬಳ ತಗೊಂಡವರು ಮಕ್ಕಳಾದ ಮೇಲೆ ಮತ್ತೆ ಕೆಲಸಕ್ಕೆ ಬರುತ್ತಾರೆ. ಪರೀಕ್ಷೆ ಮುಗಿದ ತಿಂಗಳೇ ಮದುವೆಯಾದವರು ಬರುವುದು ಕಡಿಮೆ. ನಿಮ್ಮ ಮನೆಯಲ್ಲಿ ಗಂಡಿನ ಕಡೆಯವರ ಮಾತು ಶುರುವಾಗಿದ್ದರೆ ಎರಡು ವರ್ಷ ಮುಂದೂಡಿ. ಮಗನಿಗೆ ಕಾಯಲು ಕೊಟ್ಟಷ್ಟು ಸಮಯವನ್ನು ಮಗಳಿಗೆ ದುಡಿಯಲು ಕೊಡಿ.

ಮಗನ ಅಂಕ ಮತ್ತು ಕಟ್‌ಆಫ್, ಅವನ ಹುಟ್ಟಿದ ವರ್ಷ, ಮಗಳ ಬಿಎಸ್ಸಿ ಕಾಂಬಿನೇಷನ್ ಇಷ್ಟನ್ನು ಬರೆದು ಕಳಿಸಿ. ಯಾವ ಅರ್ಜಿ ಮೊದಲು ಹಾಕಬೇಕು ಅಂತ ಮುಂದಿನ ಉತ್ತರದಲ್ಲಿ ತಿಂಗಳುವಾರು ಹೇಳುತ್ತೇನೆ.